ನಕಲಿನ ಹಿಂದಿನ ಸೀಲು

ನನ್ನದು ಝೆರಾಕ್ಸ್ ಅಂಗಡಿ. ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಊರಲ್ಲಿ, ಕೋರ್ಟಿನ ಕಾಂಪೌಂಡಿಗೆ ಎದುರಾಗಿ ಇದೆ. ವಕೀಲರ ಗುಮಾಸ್ತರು ದಿನಾ ಬೆಳಿಗ್ಗೆ ಕಟ್ಟು ಕಟ್ಟು ಕಾಗದ ತಂದು ಹಾಕುತ್ತಾರೆ. ಉತಾರ, ಎಫ್‌ಐಆರ್, ಪಂಚನಾಮೆ, ತೀರ್ಪಿನ ನಕಲು. ಎರಡೂ ಬದಿ ಹೊಡೆದು, ಪಿನ್ ಹಾಕಿ ಕೊಡುತ್ತೇನೆ. ಹೀಗೆ ನನ್ನ ಕೈಯಲ್ಲಿ ಹಾದುಹೋದ ಕೋರ್ಟಿನ ಆರ್ಡರುಗಳಿಗೆ ಲೆಕ್ಕವಿಲ್ಲ. ಆದರೂ ನನ್ನ ಸ್ವಂತ ಅಣ್ಣನ ಅಪೀಲು ಹೈಕೋರ್ಟಿಗೆ ಹೋದದ್ದು 87 ದಿನ ತಡವಾಗಿ. ತಪ್ಪು ಅಣ್ಣನದಲ್ಲ, ನನ್ನದು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಣ್ಣ ಲಾರಿ ಡ್ರೈವರ್. ನಮ್ಮ ಕಡೆಯ ಗೋವಿನಜೋಳ ತಮಿಳುನಾಡಿನ ನಾಮಕ್ಕಲ್‌ಗೆ, ಕೋಳಿ ಆಹಾರದ ಮಿಲ್ಲುಗಳಿಗೆ ಹೋಗುತ್ತದೆ. ಅವನು ಆ ಲೈನಿನಲ್ಲಿ ಓಡಾಡುತ್ತಿದ್ದ. 2016ರ ನವೆಂಬರ್ 12, ಶನಿವಾರ ಬೆಳಗಿನ ಜಾವ, ಹಿರಿಯೂರು ದಾಟಿದ ಮೇಲೆ ಹೆದ್ದಾರಿ ಬದಿಗೆ ಲೈಟಿಲ್ಲದೆ ನಿಲ್ಲಿಸಿದ್ದ ಇನ್ನೊಂದು ಲಾರಿಗೆ ಹಿಂದಿನಿಂದ ಗುದ್ದಿದ. ಕ್ಯಾಬಿನ್ ಮುದ್ದೆಯಾಗಿ ಅವನ ಬಲಗಾಲು ಸಿಕ್ಕಿಕೊಂಡಿತು. ತೊಡೆಯ ಮೂಳೆ, ಮೊಣಕಾಲಿನ ಕೆಳಗಿನ ಮೂಳೆ ಎರಡೂ ಮುರಿದಿದ್ದವು.

ತಾರೀಖು ನೋಡಿದರೆ ನೆನಪಾಗುತ್ತದಲ್ವಾ? 500, 1,000ದ ನೋಟು ರದ್ದಾಗಿ ನಾಲ್ಕೇ ದಿನ. ಖಾಸಗಿ ಆಸ್ಪತ್ರೆಯವರು ಹಳೇ ನೋಟು ಬೇಡ ಅಂದರು. ಎಟಿಎಂಗಳ ಮುಂದೆ ಊರೇ ನಿಂತಿತ್ತು. ಲಾರಿ ಮಾಲೀಕರು ಎಲ್ಲಿಂದ ಹೊಂದಿಸಿದರೋ, ಸಂಜೆ ಹೊತ್ತಿಗೆ ಒಂದು ಕೈಚೀಲದ ತುಂಬ ನೂರರ ನೋಟು ತಂದು ಕೌಂಟರಿನ ಮೇಲೆ ಸುರಿದರು. ಅವ್ವ ಇವತ್ತಿಗೂ ಆ ಮಾತು ಎತ್ತಿದರೆ ಕಣ್ಣೊರೆಸಿಕೊಳ್ಳುತ್ತಾಳೆ. ಈ ವಿಷಯ ಮುಂದೆ ಮತ್ತೆ ಬರುತ್ತದೆ.

ಹಿಂದಿನಿಂದ ಗುದ್ದಿದವನು ಅಣ್ಣ. ಹಾಗಾಗಿ ಎಫ್‌ಐಆರ್ ಅವನ ಮೇಲೆಯೇ ಆಯಿತು. ನಮಗೆ ಏನೂ ಸಿಗುವುದಿಲ್ಲ ಅಂತಲೇ ನಾವು ತಿಳಿದಿದ್ದೆವು. ಮೋಟಾರು ವಾಹನ ಕೇಸಿನಲ್ಲಿ ತಪ್ಪು ಯಾರದು ಅಂತ ಮೊದಲು ಕೇಳುತ್ತಾರೆ. ಆದರೆ ಕೆಲಸದ ಮೇಲಿದ್ದಾಗ ಪೆಟ್ಟಾದವರಿಗೆ ಇನ್ನೊಂದು ದಾರಿ ಇದೆ ಅಂತ ನಮ್ಮೂರಿನ ವಕೀಲರು ಹೇಳಿದರು. 1923ರ ಕಾಯ್ದೆ. ಮೊದಲು ಕಾರ್ಮಿಕರ ಪರಿಹಾರ ಕಾಯ್ದೆ ಅನ್ನುತ್ತಿದ್ದರು, ಆಮೇಲೆ ನೌಕರರ ಪರಿಹಾರ ಕಾಯ್ದೆ ಅಂತ ಹೆಸರಾಯಿತು. ಅಲ್ಲಿ ಡ್ರೈವರ್ ತಪ್ಪು ಮಾಡಿದನಾ ಅನ್ನುವುದು ಮುಖ್ಯವಲ್ಲ. ಕುಡಿದಿರಬಾರದು, ಬೇಕಂತಲೇ ನಿಯಮ ಮುರಿದಿರಬಾರದು. ಕೆಲಸ ಮಾಡುವಾಗ, ಕೆಲಸದ ಕಾರಣಕ್ಕೆ ಪೆಟ್ಟಾಗಿರಬೇಕು, ಅಷ್ಟೇ. ಲಾರಿಗೆ ವಿಮೆ ಇದ್ದರೆ ಮಾಲೀಕರ ಬದಲು ವಿಮಾ ಕಂಪನಿ ಹಣ ಕಟ್ಟುತ್ತದೆ. ಎರಡೂ ಕಾಯ್ದೆಯಲ್ಲಿ ಒಟ್ಟಿಗೆ ಕೇಳುವ ಹಾಗಿಲ್ಲ, ಒಂದನ್ನು ಆರಿಸಿಕೊಳ್ಳಬೇಕು.

(ಈ ಹಳೇ ಕಾಯ್ದೆ ಈಗ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ನಾನು ಹೇಳುತ್ತಿರುವುದೆಲ್ಲ ಹಳೇ ಕಾಯ್ದೆಯ ಕಾಲದ್ದು. ಕಲಮುಗಳ ನಂಬರು ಹಿಡಿದುಕೊಂಡು ಹೋಗಬೇಡಿ.)

ಕ್ಲೇಮು ಹಾಕಲು ಅಪಘಾತದ ದಿನದಿಂದ ಎರಡು ವರ್ಷ ಸಮಯವಿತ್ತು. ನಾವು 2017ರ ಜೂನಿನಲ್ಲೇ ಹಾಕಿದೆವು. ಆ ಗಡುವಿನಲ್ಲಿ ನಮಗೆ ತೊಂದರೆಯೇ ಆಗಲಿಲ್ಲ. ಬಹುಶಃ ಅದಕ್ಕೇ ಗಡುವು ಅನ್ನುವುದನ್ನು ನಾನು ಹಗುರವಾಗಿ ತಗೊಂಡೆ. ಹಿಂದೆ ಇಂಥ ಕೇಸುಗಳನ್ನು ಕಾರ್ಮಿಕ ಇಲಾಖೆಯ ಅಧಿಕಾರಿಯೇ ಆಯುಕ್ತರಾಗಿ ಕೇಳುತ್ತಿದ್ದರು. ನಮ್ಮ ಹೊತ್ತಿಗೆ ಅದು ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟಿಗೆ ಬಂದಿತ್ತು, ಆ ನ್ಯಾಯಾಧೀಶರೇ ಆಯುಕ್ತರು. ಅಂದರೆ ನನ್ನ ಅಂಗಡಿಯ ಎದುರಿಗೇ. ಒಂದೂವರೆ ವರ್ಷ ತಾರೀಖಿನ ಮೇಲೆ ತಾರೀಖು ಆದವು. ಮೂಳೆ ಡಾಕ್ಟರು ಬಂದು ಸಾಕ್ಷಿ ಹೇಳಿದರು. ಮಾಲೀಕರು ಬಂದು, ಹೌದು, ಇವನು ನನ್ನ ಡ್ರೈವರೇ, ಬತ್ತಾ ಸೇರಿ 14 ಸಾವಿರ ಕೊಡುತ್ತಿದ್ದೆ ಅಂದರು.

2019ರ ಜನವರಿ 18ರ ಶುಕ್ರವಾರ ಆರ್ಡರ್ ಆಯಿತು. 2,83,766 ರೂಪಾಯಿ.

ಆ ಲೆಕ್ಕವನ್ನು ನನ್ನ ಅಂಗಡಿಯ ಕ್ಯಾಲ್ಕುಲೇಟರಿನಲ್ಲಿ ಹತ್ತು ಸಲ ಮಾಡಿ ನೋಡಿದ್ದೇನೆ, ಈಗಲೂ ಬಾಯಿಪಾಠ. ಸಂಬಳ 14 ಸಾವಿರ ಇದ್ದರೂ ಆಗ ಕಾಯ್ದೆ ಲೆಕ್ಕಕ್ಕೆ ಹಿಡಿಯುತ್ತಿದ್ದದ್ದು ಹೆಚ್ಚೆಂದರೆ 8,000. (2020ರ ಜನವರಿಯಲ್ಲಿ ಅದು 15 ಸಾವಿರ ಆಯಿತು. ಅಣ್ಣನಿಗೆ ಉಪಯೋಗವಿಲ್ಲ, ಅಪಘಾತದ ದಿನದ ಮಿತಿಯೇ ಲೆಕ್ಕ.) 8,000ದಲ್ಲಿ ಶೇಕಡ 60 ಅಂದರೆ 4,800. ಕಾಯ್ದೆಯ ಕೊನೆಯಲ್ಲಿ ವಯಸ್ಸಿಗೆ ತಕ್ಕ ಒಂದು ಸಂಖ್ಯೆಯ ಪಟ್ಟಿ ಇದೆ. ಅಣ್ಣನಿಗೆ ಆಗ 35, ಅವನ ಸಂಖ್ಯೆ 197.06. ಗುಣಿಸಿದರೆ 9,45,888. ಇದು ಪೂರ್ತಿ ದುಡಿಯಲು ಆಗದವರಿಗೆ. ಅಣ್ಣನ ದುಡಿಮೆ ಶೇಕಡ 30ರಷ್ಟು ಹೋಗಿದೆ ಅಂತ ಕೋರ್ಟು ಹಿಡಿಯಿತು. ಹಾಗಾಗಿ 2,83,766.

ಅಣ್ಣನಿಗೆ ಈ 30 ಅನ್ನುವುದೇ ಅರ್ಥವಾಗಲಿಲ್ಲ. ‘ಬ್ರೇಕು, ಎಕ್ಸಲೇಟರ್ ಎರಡೂ ಬಲಗಾಲಿಗೇ ಅದಾವ. ಶೇಕಡ 70ರಷ್ಟು ಬ್ರೇಕ್ ಹಾಕಿದ್ರ ಲಾರಿ ನಿಲ್ತೈತೇನು?’ ಅಂದ. ಆದರೂ ಮನೆಯಲ್ಲಿ ಖುಷಿ ಇತ್ತು. ವೈನಿ ಪೇಡೆ ತರಿಸಿದಳು. ವಿಮಾ ಕಂಪನಿ ಫೆಬ್ರವರಿ 15ಕ್ಕೆ ಅಸಲನ್ನು ಕೋರ್ಟಿನಲ್ಲಿ ಠೇವಣಿ ಇಟ್ಟಿತು. ಗೆದ್ದೆವು, ಮುಗಿಯಿತು ಅಂದುಕೊಂಡೆವು.

ಮಾರ್ಚ್ ಮೊದಲ ವಾರ. ಅಂಗಡಿಯಲ್ಲಿ ಅಣ್ಣನ ಆರ್ಡರನ್ನೇ ಇನ್ನೊಂದು ಪ್ರತಿ ತೆಗೆಯುತ್ತಿದ್ದೆ. ಒಬ್ಬ ಜೂನಿಯರ್ ವಕೀಲೆ ತಮ್ಮ ಕಾಗದಕ್ಕೆ ಕಾಯುತ್ತ ನಿಂತಿದ್ದರು. ಹೊಸದಾಗಿ ಸನ್ನದು ಪಡೆದ ಹುಡುಗಿ. ಮಷೀನಿನಿಂದ ಹೊರಗೆ ಬಿದ್ದ ಕೊನೆಯ ಹಾಳೆ ಎತ್ತಿಕೊಂಡು ಸುಮ್ನೆ ಓದಿದರು.

‘ಅಣ್ಣಾರ, ಬಡ್ಡಿ ಆರ್ಡರ್ ಆಗಿ ತಿಂಗಳಾದ ಮ್ಯಾಲಿಂದ ಯಾಕ ಕೊಟ್ಟಾರ ಇದರಾಗ?’

ನನಗೆ ಪ್ರಶ್ನೆಯೇ ತಿಳಿಯಲಿಲ್ಲ. ಅವರು ಬಿಡಿಸಿ ಹೇಳಿದರು. ಈ ಕಾಯ್ದೆಯಲ್ಲಿ ಪರಿಹಾರ ಅನ್ನುವುದು ಪೆಟ್ಟಾದ ದಿನವೇ ಬಾಕಿ ಬಿದ್ದ ಹಾಗೆ. ಕೋರ್ಟು ಆಮೇಲೆ ಲೆಕ್ಕ ಹಾಕಿ ಹೇಳುತ್ತದೆ ಅಷ್ಟೇ. ಒಂದು ತಿಂಗಳೊಳಗೆ ಕೊಡದಿದ್ದರೆ ಅಲ್ಲಿಂದ ವರ್ಷಕ್ಕೆ ಶೇಕಡ 12 ಬಡ್ಡಿ. ಸುಪ್ರೀಂ ಕೋರ್ಟು ಇದನ್ನು ಹೇಳಿ ನಲವತ್ತು ವರ್ಷ ದಾಟಿದೆ, ಎಡಗೈ ಕಳೆದುಕೊಂಡ ಒಬ್ಬ ಬಡಗಿಯ ಕೇಸಿನಲ್ಲಿ. 2012ರಲ್ಲಿ ಮತ್ತೆ ಹೇಳಿದೆ. ನಮ್ಮ ಆರ್ಡರಿನಲ್ಲಿ ಮಾತ್ರ ಬಡ್ಡಿ ಆರ್ಡರಿನ ನಂತರ ಶುರುವಾಗಿತ್ತು. ಕಂಪನಿ ಅಷ್ಟರೊಳಗೆ ಅಸಲು ಇಟ್ಟಿದ್ದರಿಂದ ನಮಗೆ ಬಡ್ಡಿಯೇ ಸೊನ್ನೆ.

ಅವರು ಹೋದ ಮೇಲೆ ಲೆಕ್ಕ ಹಾಕಿದೆ. ವರ್ಷಕ್ಕೆ 34,052. 2016ರ ಡಿಸೆಂಬರ್ 12ರಿಂದ 2019ರ ಫೆಬ್ರವರಿ 15ರವರೆಗೆ 74 ಸಾವಿರ ಚಿಲ್ಲರೆ. ನಾನು ಎರಡು ಬದಿ ಹೊಡೆದು ಪಿನ್ ಹಾಕಿದ ಹಾಳೆಯೊಳಗೆ ಅಷ್ಟು ದುಡ್ಡು ಸುಮ್ಮನೆ ಬಿದ್ದಿತ್ತು.

ಊರಿನ ವಕೀಲರನ್ನು ಕೇಳಿದೆ. ‘ಹೈಕೋರ್ಟಿಗೆ ಹೋಗಬಹುದು, ಅರವತ್ತು ದಿನ ಟೈಮ್ ಇರ್ತದ. ಸರ್ಟಿಫೈಡ್ ಕಾಪಿ ತಗೊಂಡು ಧಾರವಾಡದಾಗ ಯಾರನ್ನರ ನೋಡ್ರಿ’ ಅಂದರು. ಬೇರೆ ಕೇಸಿನ ಅವಸರದಲ್ಲಿದ್ದರು. ಅರವತ್ತು ದಿನ ಯಾವಾಗಿನಿಂದ ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ನನ್ನ ತಲೆಯಲ್ಲಿ ನಾನೇ ತೀರ್ಮಾನ ಮಾಡಿಕೊಂಡೆ: ಕಾಪಿ ಕೈಗೆ ಬಂದ ದಿನದಿಂದ ಅರವತ್ತು ದಿನ. ಕಾಪಿ ಇಲ್ಲದೆ ಅಪೀಲು ಹಾಕಲು ಆಗುವುದಿಲ್ಲ, ಅಂದ ಮೇಲೆ ಎಣಿಕೆ ಶುರುವಾಗುವುದೂ ಅಲ್ಲಿಂದಲೇ ಅಲ್ವಾ? ಕೇಳಿದರೆ ಎಷ್ಟು ಸರಿ ಅನ್ನಿಸುತ್ತದೆ! ಪೂರ್ತಿ ತಪ್ಪು.

ಮಾರ್ಚ್ 11ರ ಸೋಮವಾರ ನಕಲಿಗೆ ಅರ್ಜಿ ಹಾಕಿದೆ. ಎರಡು ದಿನ ಬಿಟ್ಟು ಹಣ ತುಂಬಲು ಹೇಳಿದರು, ತುಂಬಿದೆ. 20ಕ್ಕೆ ನಕಲು ಸಿದ್ಧವಾಗಿತ್ತು. ನಾನು ತರಲಿಲ್ಲ. ನಕಲು ವಿಭಾಗ ನನ್ನ ಅಂಗಡಿಯಿಂದ ನೂರು ಹೆಜ್ಜೆ ಇರಬಹುದು. ಪರೀಕ್ಷೆಯ ಸೀಸನ್ನು, ಅದರ ಹಿಂದೆಯೇ ಲೋಕಸಭಾ ಚುನಾವಣೆ. ಅಂಗಡಿಯಲ್ಲಿ ಉಸಿರಾಡಲು ಪುರುಸೊತ್ತಿಲ್ಲ. ಏಪ್ರಿಲ್ ಎರಡನೇ ವಾರ ಅಣ್ಣನ ಕಾಲಿನ ರಾಡು ತೆಗೆಸಲು ಮತ್ತೆ ಆಪರೇಷನ್. ಅವನು ಹಾಸಿಗೆಯಲ್ಲಿ, ನಾನು ಆಸ್ಪತ್ರೆಗೂ ಅಂಗಡಿಗೂ ನಡುವೆ. ನಕಲು ತಂದದ್ದು ಮೇ 9ಕ್ಕೆ. ಬಂದವನೇ ಗೋಡೆಯ ಕ್ಯಾಲೆಂಡರಿನಲ್ಲಿ ಎಣಿಸಿ ಜುಲೈ 8ಕ್ಕೆ ಒಂದು ಸುತ್ತು ಹಾಕಿದೆ. ಕೆಂಪು ಪೆನ್ನಿನಲ್ಲಿ.

ಜೂನ್ 17ಕ್ಕೆ ನಾನೂ ಅಣ್ಣನೂ ಧಾರವಾಡಕ್ಕೆ ಹೋದೆವು. ಪರಿಚಯದವರು ಹೇಳಿದ ಹಿರಿಯ ವಕೀಲರೊಬ್ಬರ ಮನೆಯ ಆಫೀಸು. ಅವರು ಫೈಲು ತೆಗೆದರು. ಆರ್ಡರ್ ಓದುತ್ತಾರೆ ಅಂದುಕೊಂಡೆ. ಓದಲಿಲ್ಲ. ನಕಲನ್ನು ಮಗುಚಿ ಕೊನೆಯ ಹಾಳೆಯ ಹಿಂಬದಿ ನೋಡಿದರು. ಅಲ್ಲಿ ಒಂದು ಸೀಲು. ಅದರೊಳಗೆ ಗೆರೆ ಗೆರೆಯಾಗಿ ಅರ್ಜಿ ಹಾಕಿದ ದಿನ, ಹಣಕ್ಕೆ ಕರೆದ ದಿನ, ಹಣ ತುಂಬಿದ ದಿನ, ನಕಲು ಸಿದ್ಧವಾದ ದಿನ, ಕೊಟ್ಟ ದಿನ. ಶಾಯಿ ಪೆನ್ನಿನಲ್ಲಿ ತುಂಬಿದ್ದರು. ಇಂಥ ಸೀಲಿನ ಮೇಲೆ ನನ್ನ ಮಷೀನಿನ ಬೆಳಕು ಸಾವಿರ ಸಲ ಹಾದಿರಬೇಕು. ಒಂದು ದಿನವೂ ಓದಿರಲಿಲ್ಲ.

‘ಆರ್ಡರ್ ಜನವರಿ ಹದಿನೆಂಟು. ಇಲ್ಲಿ ತನಕ ಎಲ್ಲಿದ್ರಿ?’

ನಾನು ಜುಲೈ 8ರ ಲೆಕ್ಕ ಹೇಳಿದೆ. ಅವರು ನಗಲಿಲ್ಲ, ಬೈಯಲೂ ಇಲ್ಲ. ಒಂದು ಹಾಳೆ ತಗೊಂಡು ನನ್ನ ಮುಂದೆಯೇ ಬರೆದು ತೋರಿಸಿದರು. ಅರವತ್ತು ದಿನ ಶುರುವಾಗುವುದು ಆರ್ಡರಿನ ಮರುದಿನದಿಂದ. ಜನವರಿಯಲ್ಲಿ 13 ದಿನ, ಫೆಬ್ರವರಿ 28, ಮಾರ್ಚ್ 19. ಮಾರ್ಚ್ 19ಕ್ಕೆ ಅರವತ್ತು ಮುಗಿಯಿತು. ಇದಕ್ಕೆ ನಕಲಿಗೆ ಹಿಡಿದ ದಿನಗಳನ್ನು ಕೂಡಿಸಬಹುದು. ಅದು ಅರ್ಜಿ ಹಾಕಿದ ದಿನದಿಂದ ನಕಲು ಸಿದ್ಧವಾದ ದಿನದವರೆಗೆ ಮಾತ್ರ. ಮಾರ್ಚ್ 11ರಿಂದ 20, ಹತ್ತು ದಿನ. ಹಣ ತುಂಬಲು ನಾವೇ ತಡ ಮಾಡಿದ್ದರೆ ಆ ದಿನಗಳೂ ನಮ್ಮ ತಲೆಗೇ. ಸಿದ್ಧವಾದ ಮೇಲೆ ಕಪಾಟಿನಲ್ಲಿ ಕೊಳೆತ ದಿನಗಳಿಗೆ ಯಾವ ರಿಯಾಯಿತಿಯೂ ಇಲ್ಲ. ಹಾಗಾಗಿ ಕೊನೆಯ ದಿನ ಮಾರ್ಚ್ 29, ಶುಕ್ರವಾರ.

‘ಬ್ಯಾಸಗಿ ರಜಾ ಇತ್ತಲ್ಲ ಸರ್ ಹೈಕೋರ್ಟಿಗೆ?’ ಅಂದೆ, ಏನಾದರೂ ಸಿಗಲಿ ಅಂತ.

‘ಗಡುವು ರಜಾದಾಗ ಮುಗಿದಿದ್ರ ತೆರೆದ ದಿನ ಹಾಕಬಹುದಿತ್ತು. ನಿಮ್ಮದು ರಜಾ ಸುರು ಆಗೂಕ್ಕಿಂತ ಮೊದಲ ಮುಗದೈತಿ.’

ಅಣ್ಣ ಏನೂ ಮಾತಾಡದೆ ಕಿಟಕಿಯ ಹೊರಗೆ ನೋಡುತ್ತ ಕುಳಿತ. ನನಗೆ ಅವನ ಮುಖ ನೋಡಲು ಆಗಲಿಲ್ಲ.

ವಕೀಲರೇ ಮುಂದುವರಿಸಿದರು. ಬಾಗಿಲು ಪೂರ್ತಿ ಮುಚ್ಚಿಲ್ಲ. ಕೆಲವು ಕಾಯ್ದೆಗಳಲ್ಲಿ ಗಡುವು ಮುಗಿದ ಮೇಲೆ ಇಂತಿಷ್ಟೇ ದಿನ ಮಾಫಿ ಮಾಡಬಹುದು ಅಂತ ಇನ್ನೊಂದು ಬೇಲಿ ಇರುತ್ತದೆ. ಇದರಲ್ಲಿ ಹಾಗಿಲ್ಲ. ತಡಕ್ಕೆ ಸರಿಯಾದ ಕಾರಣ ತೋರಿಸಿದರೆ ಹೈಕೋರ್ಟು ಮನ್ನಿಸಬಹುದು ಅಂತ ಕಾಯ್ದೆಯೇ ಹೇಳುತ್ತದೆ. ಆಮೇಲೆ ಇನ್ನೂ ಮೂರು ಪ್ರಶ್ನೆ ಕೇಳಿದರು. ಎಲ್ಲಾದರೂ ‘ಆಯುಕ್ತರು ಕೊಟ್ಟ ತೀರ್ಪಿಗೆ ನಾವು ಬದ್ಧ’ ಅಂತ ಸಹಿ ಮಾಡಿದ್ದೀರಾ? ಮಾಡಿದ್ದರೆ ಅಪೀಲೇ ಇಲ್ಲ. ಇಲ್ಲ ಅಂದೆವು. ತಕರಾರಿನ ಮೊತ್ತ ಎಷ್ಟು? ಮೊದಲು 300 ರೂಪಾಯಿ ಇದ್ದರೂ ಸಾಕಿತ್ತಂತೆ, 2017ರ ತಿದ್ದುಪಡಿ ಆದ ಮೇಲೆ ಕನಿಷ್ಠ 10 ಸಾವಿರ ಇರಬೇಕು. ನಮ್ಮದು 74 ಸಾವಿರ. ಮೂರನೆಯದು ಮುಖ್ಯ. ಏನು ಅಂತ ಅಪೀಲು?

ಅಣ್ಣ ಆಗ ಬಾಯಿ ಬಿಟ್ಟ. ‘ಶೇಕಡ ಮೂವತ್ತು ಅಂದಾರ್ರಿ. ನಾ ಇನ್ನ ಲಾರಿ ಹತ್ತಂಗಿಲ್ಲ. ಅದನ್ನ ನೂರು ಮಾಡಸ್ರಿ.’

ಅದು ಕಷ್ಟ ಅಂದರು. ಈ ಕಾಯ್ದೆಯಲ್ಲಿ ಹೈಕೋರ್ಟು ಕೇಳುವುದು ಕಾನೂನಿನ ಮಹತ್ವದ ಪ್ರಶ್ನೆ ಇದ್ದರೆ ಮಾತ್ರ. ಎಷ್ಟು ಅಂಗವಿಕಲತೆ, ಎಷ್ಟು ದುಡಿಮೆ ಹೋಯಿತು ಅನ್ನುವ ಸಂಗತಿಗಳಲ್ಲಿ ಕೆಳಗಿನ ಆಯುಕ್ತರ ಮಾತೇ ಕೊನೆ. 2016ರಲ್ಲಿ ಸುಪ್ರೀಂ ಕೋರ್ಟು ಇದನ್ನು ಒತ್ತಿ ಹೇಳಿದ್ದು ಕರ್ನಾಟಕದಿಂದಲೇ ಹೋದ ಕೇಸಿನಲ್ಲಂತೆ. ಅಲ್ಲಿ ಅದು ಕೆಲಸಗಾರರಿಗೆ ಅನುಕೂಲವಾಯಿತು, ಹೈಕೋರ್ಟು ಇಳಿಸಿದ್ದ ಪರಿಹಾರ ವಾಪಸು ಸಿಕ್ಕಿತು. ಅದೇ ಮಾತು ನಮಗೆ ಅಡ್ಡ ಬಂತು. ಬಡ್ಡಿ ಯಾವತ್ತಿನಿಂದ ಅನ್ನುವುದು ಮಾತ್ರ ಶುದ್ಧ ಕಾನೂನಿನ ಪ್ರಶ್ನೆ, ಅದನ್ನೇ ಹಿಡಿಯೋಣ ಅಂದರು. ಅಣ್ಣನಿಗೆ ಇದು ಕೊನೆಗೂ ಒಪ್ಪಿಗೆಯಾಗಲಿಲ್ಲ. ‘ಕಾಲಿಂದು ಬಿಟ್ಟು ಬಡ್ಡೀದು ಹಿಡಕೊಂಡ್ರು’ ಅಂತ ಬಸ್ಸಿನಲ್ಲಿ ವಾಪಸು ಬರುವಾಗ ಹೇಳಿದ.

ದಂಡದ ವಿಷಯವೂ ಬಂತು. ಕಾರಣವಿಲ್ಲದೆ ಹಣ ತಡ ಮಾಡಿದರೆ ಬಡ್ಡಿಯ ಜೊತೆಗೆ ಪರಿಹಾರದ ಅರ್ಧದವರೆಗೆ ದಂಡ ಹಾಕುವ ಅಧಿಕಾರ ಆಯುಕ್ತರಿಗೆ ಇದೆ. ಬಡ್ಡಿಯನ್ನು ವಿಮಾ ಕಂಪನಿ ಕೊಡಬೇಕು, ದಂಡವನ್ನು ಮಾತ್ರ ಮಾಲೀಕರೇ ಕೈಯಿಂದ ಕಟ್ಟಬೇಕು. ಇಷ್ಟು ಕೇಳಿದ್ದೇ ತಡ ಅಣ್ಣ ಕೈ ಮುಗಿದ. ‘ಬ್ಯಾಡ್ರಿ. ಆ ಚೀಲ ನಾ ಮರೀಲಿಕ್ಕಿಲ್ಲ.’ ವಕೀಲರಿಗೆ ಯಾವ ಚೀಲ ಅಂತ ತಿಳಿಯಲಿಲ್ಲ. ನಾನು ಹೇಳಲಿಲ್ಲ.

ಇನ್ನು ಅಫಿಡವಿಟ್. ಇಡೀ ಕಥೆಯಲ್ಲಿ ನನಗೆ ಜಾಸ್ತಿ ನೆನಪಿರುವುದು ಇದೇ. ವಾರದ ನಂತರ ಸಹಿಗೆ ಹೋದಾಗ ಒಬ್ಬ ಗುಮಾಸ್ತರು ಬಹಳ ಪ್ರೀತಿಯಿಂದ, ‘ಕಾಮಾಲಿ ಆಗಿತ್ತು ಅಂತ ಬರೆದುಬಿಡೂಣು. ಎಲ್ಲಾರೂ ಅದನ್ನ ಬರೀತಾರ’ ಅಂದರು. ನನಗೆ ನಗು ಬಂತು. ನಿಜ, ನನ್ನ ಅಂಗಡಿಯಲ್ಲೂ ಎಷ್ಟೋ ಅಫಿಡವಿಟ್ಟುಗಳಲ್ಲಿ ಕಾಮಾಲೆ ನೋಡಿದ್ದೇನೆ. ಕೋರ್ಟಿನ ಕಾಗದ ನಂಬುವುದಾದರೆ ನಮ್ಮ ಜಿಲ್ಲೆಯಲ್ಲಿ ಕಾಮಾಲೆ ಆಗದ ಕಕ್ಷಿದಾರನೇ ಇಲ್ಲ. ವಕೀಲರು ಒಳಗಿನಿಂದಲೇ ಕೇಳಿಸಿಕೊಂಡು ಬೇಡ ಅಂದರು. ರಾಡು ತೆಗೆಸಿದ ಆಪರೇಷನ್ ನಿಜವಾಗಿ ಆಗಿದೆ, ಡಿಸ್ಚಾರ್ಜ್ ಕಾರ್ಡು ಇದೆ. ಅದನ್ನೇ ಬರೆಯಿರಿ. ಕಾಪಿ ಬಂದ ದಿನದಿಂದ ಎಣಿಸಬೇಕು ಅಂತ ಇವರ ತಮ್ಮ ತಪ್ಪಾಗಿ ತಿಳಿದಿದ್ದ ಅಂತಲೂ ಬರೆಯಿರಿ. ಕಾನೂನು ಗೊತ್ತಿರಲಿಲ್ಲ ಅನ್ನುವುದು ಕಾರಣ ಅಲ್ಲ, ಆದರೆ ಸುಳ್ಳು ಅಂತೂ ಅಲ್ಲವಲ್ಲ.

ಮಾರ್ಚ್ 30ರಿಂದ ಜೂನ್ 24ರವರೆಗೆ, ಎರಡೂ ದಿನ ಸೇರಿ 87. ಆ 87 ದಿನ ಎಲ್ಲಿದ್ದೆವು, ಏನು ಮಾಡಿದೆವು ಅಂತ ಒಂದೊಂದೇ ಪ್ಯಾರಾ ಬರೆಸಿದರು. ಆಪರೇಷನ್ನಿಗೆ ಮೊದಲಿನ ಎರಡು ವಾರಕ್ಕೆ ನನ್ನ ಹತ್ತಿರ ಉತ್ತರವೇ ಇರಲಿಲ್ಲ. ‘ಅಂಗಡಿಯಲ್ಲಿ ಕೆಲಸ ಇತ್ತು’ ಅಂತ ಬರೆಯಲು ಆಗುತ್ತದಾ? ಕೊನೆಗೆ ಹಾಗೆಯೇ ಬರೆದರು, ಸ್ವಲ್ಪ ಗೌರವದ ಭಾಷೆಯಲ್ಲಿ. ದಿನ ದಿನದ ತಡಕ್ಕೂ ಕಾರಣ ಕೇಳುತ್ತಾ ಕೂರಬಾರದು, ಉದಾರವಾಗಿ ನೋಡಬೇಕು ಅಂತ 1987ರಲ್ಲಿ ಕಾಶ್ಮೀರದ ಒಂದು ಭೂಸ್ವಾಧೀನ ಕೇಸಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆಯಂತೆ. ಆ ತೀರ್ಪನ್ನೂ ಜೊತೆಗೆ ಇಟ್ಟರು. ಅದರ ಝೆರಾಕ್ಸ್ ಮಾತ್ರ ನಾನೇ ಹೊಡೆದೆ.

ಜೂನ್ 24ರ ಸೋಮವಾರ ಅಪೀಲು ದಾಖಲಾಯಿತು. ಧಾರವಾಡ ಹೈಕೋರ್ಟು ಊರೊಳಗಿಲ್ಲ. ಬೆಳಗಾವಿ ರಸ್ತೆಯಲ್ಲಿ, ಬೇಲೂರು ಅನ್ನುವ ಹಳ್ಳಿಯ ಹತ್ತಿರ (ಹಾಸನದ ಬೇಲೂರಲ್ಲ) ಹೆದ್ದಾರಿಗೆ ಇದೆ. 2008ರ ಮೊದಲು ಇದೂ ಇರಲಿಲ್ಲ, ನಮ್ಮ ಕಡೆಯವರು ಎಲ್ಲದಕ್ಕೂ ಬೆಂಗಳೂರಿಗೆ ಓಡಬೇಕಿತ್ತು. ಅಪೀಲು ಹಾಕಿದ ತಕ್ಷಣ ನಂಬರು ಬೀಳುವುದಿಲ್ಲ. ಆಫೀಸಿನವರು ತಪ್ಪು ಹುಡುಕುತ್ತಾರೆ. ಪುಟದ ಸಂಖ್ಯೆ ಸರಿಯಿಲ್ಲ, ಈ ದಾಖಲೆ ಮಸುಕಾಗಿದೆ, ಆ ಹೆಸರು ಹೊಂದುತ್ತಿಲ್ಲ. ಮಸುಕಾಗಿದ್ದ ಹಾಳೆ ನನ್ನ ಅಂಗಡಿಯದೇ, ಟೋನರ್ ಮುಗಿಯುತ್ತಾ ಬಂದಾಗ ತೆಗೆದದ್ದು. ಮತ್ತೆ ಹೊಡೆದು ಕಳಿಸಿದೆ.

ಒಂದು ದಿನ ಅಲ್ಲಿಯ ವರಾಂಡದಲ್ಲಿ ಗದಗ ಕಡೆಯ ಒಬ್ಬ ಮುದುಕರು ಸಿಕ್ಕರು. ಮಗ ಟ್ರ್ಯಾಕ್ಟರ್ ಡ್ರೈವರ್, ತೀರಿಕೊಂಡಿದ್ದ. ಕೆಳಗಿನ ಕೋರ್ಟಿನಲ್ಲಿ ಪರಿಹಾರ ಆಗಿತ್ತು. ಆಮೇಲೆ ವಿಮಾ ಕಂಪನಿ ಅಪೀಲು ಹಾಕಿ ತಡೆ ತಂದಿತ್ತು. ‘ನಮ್ಮ ರೊಕ್ಕ ಅವರ ಕಡೇನ ಉಳೀತೇನೋ ತಮ್ಮಾ?’ ಅಂದರು. ಅಷ್ಟೊತ್ತಿಗೆ ನಾನು ಅರ್ಧ ವಕೀಲ ಆಗಿದ್ದೆ. ಉಳಿಯುವುದಿಲ್ಲ ಅಂದೆ. ಈ ಕಾಯ್ದೆಯಲ್ಲಿ ಕೆಲಸ ಕೊಟ್ಟವರ ಕಡೆಯಿಂದ ಅಪೀಲು ಹಾಕಬೇಕಾದರೆ ಆರ್ಡರಿನ ಹಣವನ್ನು ಮೊದಲು ಠೇವಣಿ ಇಡಬೇಕು. ಇಟ್ಟಿದ್ದಾರೆ ಅಂತ ಆಯುಕ್ತರು ಕೊಟ್ಟ ಸರ್ಟಿಫಿಕೇಟು ಅಪೀಲಿನ ಜೊತೆಗೇ ಇರಬೇಕು. ಅರವತ್ತು ದಿನದೊಳಗೆ ಅವರು ಅದನ್ನೂ ಹೊಂದಿಸಬೇಕು. ಕೆಲಸಗಾರನಿಗೆ ಆ ಷರತ್ತು ಇಲ್ಲ. ‘ಹಂಗಾರ ರೊಕ್ಕ ಕೋರ್ಟಿನಾಗ ಐತಿ’ ಅಂತ ಅವರು ಮೂರು ಸಲ ಹೇಳಿಕೊಂಡರು. ಆಮೇಲೆ ಚೀಲದಿಂದ ರೊಟ್ಟಿ ತೆಗೆದು ಅರ್ಧ ನನಗೆ ಕೊಟ್ಟರು.

ಕಂಪನಿಗೆ ನೋಟಿಸು ಹೋಯಿತು, ಅವರ ವಕೀಲರು ಬಂದರು, ತಡವನ್ನು ಮನ್ನಿಸಬಾರದು ಅಂತ ಆಕ್ಷೇಪ ಹಾಕಿದರು. ಕೆಳಗಿನ ಕೋರ್ಟಿನ ದಾಖಲೆ ತರಿಸಲು ಹೇಳಿತು ಹೈಕೋರ್ಟು. ಅಷ್ಟರಲ್ಲಿ ಕೊರೊನಾ. 2020ರ ಮಾರ್ಚ್ 23ರಂದು ಸುಪ್ರೀಂ ಕೋರ್ಟು ದೇಶದ ಎಲ್ಲ ಕೋರ್ಟುಗಳ ಗಡುವನ್ನು ನಿಲ್ಲಿಸಿತು. ಮುಂದೆ ಬಂದ ಆದೇಶಗಳನ್ನೂ ಸೇರಿಸಿದರೆ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ದಿನಗಳು ಯಾರ ಗಡುವಿನ ಲೆಕ್ಕಕ್ಕೂ ಬರಲಿಲ್ಲ. ಹೆಚ್ಚು ಕಡಿಮೆ ಎರಡು ವರ್ಷ! ನಮ್ಮ ಆರ್ಡರ್ ಒಂದು ವರ್ಷ ತಡವಾಗಿ ಆಗಿದ್ದರೆ 87 ದಿನ ಅಲ್ಲ, 700 ದಿನ ಮಲಗಿದ್ದರೂ ಕೇಳುವವರಿರಲಿಲ್ಲ. ಅಂಗಡಿ ಮುಚ್ಚಿ ಮನೆಯಲ್ಲಿ ಕುಳಿತಾಗ ಈ ಸುದ್ದಿ ಓದಿ ಹೊಟ್ಟೆ ಉರಿದದ್ದು ನಿಜ.

ನಮ್ಮ ಕೇಸು ಮತ್ತೆ ಮೇಲೆ ಬಂದದ್ದು 2021ರ ನವೆಂಬರಿನಲ್ಲಿ. ವಾದ ಹತ್ತು ನಿಮಿಷವೂ ಆಗಲಿಲ್ಲ ಅಂತ ವಕೀಲರು ಫೋನಿನಲ್ಲಿ ಹೇಳಿದರು. ನ್ಯಾಯಮೂರ್ತಿಗಳು ಡಿಸ್ಚಾರ್ಜ್ ಕಾರ್ಡು ನೋಡಿದರು, ತಡ ಮನ್ನಿಸಿದರು. ಬಡ್ಡಿಯ ವಿಷಯದಲ್ಲಿ ಕಂಪನಿಯ ವಕೀಲರಿಗೂ ಹೇಳಲು ಹೆಚ್ಚೇನೂ ಇರಲಿಲ್ಲ. ಅಪಘಾತವಾಗಿ ಒಂದು ತಿಂಗಳಾದ ಮೇಲಿನಿಂದ ಶೇಕಡ 12. ಆದರೆ ಒಂದು ಷರತ್ತು: ತಡ ಮಾಡಿದ 87 ದಿನದ ಬಡ್ಡಿ ಇದರಲ್ಲಿ ಕಡಿತ.

ನನಗೆ ಇದು ವಿಚಿತ್ರ ಅನ್ನಿಸಿತು. ಆ 87 ದಿನಗಳ ಹೊತ್ತಿಗೆ ಕಂಪನಿಯ ಹಣ ಠೇವಣಿಯಲ್ಲೇ ಇತ್ತು, ಬಡ್ಡಿ ಓಡುತ್ತಲೇ ಇರಲಿಲ್ಲ. ಇಲ್ಲದ ಬಡ್ಡಿಯನ್ನು ಕಳೆಯುವುದು ಹೇಗೆ? ವಕೀಲರಿಗೆ ಕೇಳಿದೆ. ‘ತಡಕ್ಕ ಏನರ ಬೆಲೆ ಕಟ್ಟಬೇಕಲ್ರಿ. ಇಷ್ಟಕ್ಕ ಬಿಡ್ರಿ, ಕೆದಕಬ್ಯಾಡ್ರಿ’ ಅಂದರು. ಕೆದಕಲಿಲ್ಲ.

ಹಣ ಬಿಡಿಸಿಕೊಳ್ಳಲು ಹೈಕೋರ್ಟಿನ ಆರ್ಡರಿನ ನಕಲು ಬೇಕಿತ್ತು. ಈ ಸಲ ಅಣ್ಣ ನನ್ನನ್ನು ನಂಬಲಿಲ್ಲ. ಕೋಲು ಊರಿಕೊಂಡು ತಾನೇ ಧಾರವಾಡಕ್ಕೆ ಬಂದ. ನಕಲಿಗೆ ಅರ್ಜಿ ಕೊಡಿಸಿದ, ರಸೀದಿಯನ್ನು ಡ್ರೈವಿಂಗ್ ಲೈಸೆನ್ಸಿನ ಪ್ಲಾಸ್ಟಿಕ್ ಕವರಿನೊಳಗೆ ಮಡಚಿ ಇಟ್ಟುಕೊಂಡ. ಆ ಲೈಸೆನ್ಸನ್ನು ಅವನು ಇನ್ನೂ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಾನೆ.

ಈಗ ಅವನು ಊರ ಹೊರಗೆ ಒಂದು ಪೆಟ್ರೋಲ್ ಬಂಕಿನಲ್ಲಿ ಕುಳಿತು ಬಿಲ್ಲು ಬರೆಯುವ ಕೆಲಸದಲ್ಲಿದ್ದಾನೆ. ಬಡ್ಡಿಯ 66 ಸಾವಿರ ಖಾತೆಗೆ ಬಂದ ದಿನ ಸಂಜೆ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕುಳಿತ. ಕ್ಯಾಲ್ಕುಲೇಟರ್ ಎಳೆದುಕೊಂಡ.

‘ದಿನಕ್ಕ ಎಷ್ಟು ಹೋತು?’

‘ತೊಂಬತ್ತಮೂರು ರೂಪಾಯಿ.’

‘ನಿನ್ನ ಅಂಗಡ್ಯಾಗ ತೊಂಬತ್ತಮೂರು ರೂಪಾಯಿಗೆ ಎಷ್ಟು ಹಾಳಿ ಹೊಡೀತಿ?’

‘ತೊಂಬತ್ತಮೂರು.’

ಅವನು 87ರಿಂದ ಗುಣಿಸಿದ. ಎಂಟು ಸಾವಿರ ಚಿಲ್ಲರೆ ಬಂತು. ಅದನ್ನು ನನಗೆ ತಿರುಗಿಸಿ ತೋರಿಸಿ, ‘ಹೊಡಿ ಹಂಗಾರ’ ಅಂದ. ನಾನು ಚಹಾ ತರಲು ಎದ್ದೆ.